ಬಚ್ಚಲ ಕಿಟಕಿಯ ಎಕ್ಸ್‌ರೇ

ತಮ್ಮಾ,

ಅಮ್ಮನನ್ನು ಕರೆದುಕೊಂಡು ಸ್ಕ್ಯಾನಿಂಗ್‌ಗೆ ಹೊರಟಿದ್ದೇನೆ. ಬಚ್ಚಲ ಕಿಟಕಿಯ ಒಡೆದ ಗಾಜಿಗೆ ನೀನು ಅಂಟಿಸಿದ್ದೀಯಲ್ಲ, ಅಮ್ಮನ ಹಳೇ ಎಕ್ಸ್‌ರೇ, ಎದ್ದ ತಕ್ಷಣ ಅದನ್ನು ಬಿಡಿಸಿ ಆಸ್ಪತ್ರೆಗೆ ತಾ. ಟೇಪಿಗೆ ಬಿಸಿನೀರು ಹಚ್ಚು, ಎಳೆದು ಹರಿಯಬೇಡ.

ಮೊನ್ನೆ ತೆಗೆಸಿದ ಎಕ್ಸ್‌ರೇಯಲ್ಲಿ ಎದೆಯಲ್ಲಿ ಕಂಡ ಕಲೆ ಆ ಹಳೇದರಲ್ಲೂ ಇತ್ತೇ ಎಂದು ಡಾಕ್ಟರು ಹೋಲಿಸಿ ನೋಡಬೇಕಂತೆ. ಇದ್ದು, ಬೆಳೆಯದಿದ್ದರೆ ಅರ್ಧ ಭಯ ಹೋದಂತೆ. ಹೊಸದಾದರೆ ಇವತ್ತೇ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ.

"ವಯಸ್ಸಾಯ್ತಲ್ಲಮ್ಮಾ, ನೋವು ಇದ್ದದ್ದೇ" ಎಂದು ಸಾಗಹಾಕಿದ ಆ ಹಳೇ ಡಾಕ್ಟರನ್ನು ಆಮೇಲೆ ವಿಚಾರಿಸಿಕೊಳ್ಳೋಣ. ನಾವೇನು ಕಮ್ಮಿಯೇ? "ದಿನಾ ನನ್ನ ಪಕ್ಕೆಲುಬು ನೋಡ್ಕೊಂಡೇ ಸ್ನಾನ ಮಾಡಿದ್ರಿ, ಒಬ್ಬರಾದ್ರೂ ಹೇಗಿದ್ದೀಯಾ ಅಂದ್ರಾ?" ಎಂದು ಅಮ್ಮ ಚಪ್ಪಲಿ ಮೆಟ್ಟುತ್ತಾ ನಗುತ್ತಿದ್ದಾಳೆ.

ಅಳುತ್ತಾ ಕೂರಬೇಡ, ಬೇಗ ಬಾ. ಖಾಲಿ ಕಿಟಕಿಗೆ ನನ್ನ ಹಳೇ ದುಪಟ್ಟಾ ಕಟ್ಟು. ಸಂಜೆ ಅಮ್ಮ ಬಂದು ಸ್ನಾನ ಮಾಡುವಾಗ ಗಾಳಿ ಬಡಿಯಬಾರದು.

ಅಕ್ಕ