ವೀಸಾ ಬೇಡದವಳ ಕೈಯಲ್ಲಿ

ಅಬುಧಾಬಿ,
ಭಾನುವಾರ

ಪ್ರೀತಿಯ ಸುಪ್ರೀತಾ,

ಮಗುವಿನ ಫೋಟೊ ನೋಡಿದೆ. ನಿನ್ನ ಬಾಣಂತನಕ್ಕೆ ಬರ್ಲಿನ್ನಿಗೆ ಬರಬೇಕಿದ್ದ ನನಗೆ ವೀಸಾ ಸಂದರ್ಶನ ಸಿಕ್ಕಿರುವುದು ಮುಂದಿನ ತಿಂಗಳು. ಅದಕ್ಕೇ ಬಾಣಂತಿ ಲೇಹ ಮತ್ತು ನನ್ನ ಹಳೆಯ ಹತ್ತಿ ಸೀರೆಯನ್ನು ನನ್ನ ವಿದ್ಯಾರ್ಥಿನಿ ಶಮ್ಸಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಈ ದೇಶದವಳೇ. ರಜೆಗೆ ಅಲ್ಲಿಗೆ ಬರುತ್ತಿದ್ದಾಳೆ. ಅವಳ ಪಾಸ್‌ಪೋರ್ಟಿಗೆ ವೀಸಾ ಬೇಡ.

ದೇಶದ ಸಂಪತ್ತು ಅದರ ಬಲವಾಗುವುದು ಹೇಗೆ ಎಂದು ಅವಳ ತರಗತಿಗೆ ಪಾಠ ಮಾಡುವವಳು ನಾನೇ. ನನ್ನ ಸಂಗತಿ ಕೇಳಿ ಅವಳು ನಕ್ಕಳು: “ನನ್ನಜ್ಜಿಯ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದುದು ನಿಮ್ಮ ಭಾರತದ ರೂಪಾಯಿಯೇ ಅಂತೆ, ಮಿಸ್. ಅದನ್ನು ಕೊಟ್ಟೇ ಅಜ್ಜಿ ಅಕ್ಕಿ ತರುತ್ತಿದ್ದರಂತೆ. ಈಗ ನೀವು ಕ್ಯೂನಲ್ಲಿ, ನಾನು ವಿಮಾನದಲ್ಲಿ! ಯಲ್ಲಾ, ಬೇಗ ಬೇಗ ಗಂಟು ಕಟ್ಟಿ.” ನಾನೂ ನಕ್ಕೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಾಠದಲ್ಲಿರಲಿಲ್ಲ.

ಲೇಹವನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೆಲ್ಲಿಕಾಯಿಯಷ್ಟು ತಿನ್ನು. ಸೀರೆ ಹರಿದು ಮಗುವಿಗೆ ಹಾಸು. ಒಗೆದೇ ಇಟ್ಟಿದ್ದೇನೆ, ಮತ್ತೆ ಒಗೆಯಬೇಡ.

ಶಮ್ಸಾ ಕೇಳಿದರೆ ಮಗುವನ್ನು ಎತ್ತಿಕೊಳ್ಳಲು ಕೊಡು. ಎಳೆಗೂಸಿನ ಕುತ್ತಿಗೆಗೆ ಕೈ ಆನಿಸುವುದು ಹೇಗೆಂದು ದಿಂಬು ಕೊಟ್ಟು ಕಲಿಸಿದ್ದೇನೆ. ತೋರಿಸಲೆಂದು ಮೊದಲು ನಾನೇ ಆ ದಿಂಬನ್ನು ಎತ್ತಿಕೊಂಡೆ. ಕೆಳಗಿಡಲು ಸ್ವಲ್ಪ ಹೊತ್ತು ಬೇಕಾಯಿತು.

ನಿನ್ನ
ಅಮ್ಮ