ಬೆಲ್ಲದ ತಟ್ಟೆ

ಕಾಕಾ,

ನಿನ್ನ ನಾಟಕ ಆಯಿತು. ಕೊನೆಯ ಪ್ರವೇಶ ಮಾತ್ರ ನಿನ್ನದಲ್ಲ. ಸಿಟ್ಟು ಬರುವುದಿದ್ದರೆ ಪೂರ್ತಿ ಓದಿದ ಮೇಲೆ ಬರಲಿ.

ನಿನಗೆ ನೆನಪಿರಬೇಕು, ನಮ್ಮ ಪಡಸಾಲೆಯಲ್ಲಿ ತಾಲೀಮು ನಡೆದಿತ್ತು. ಹೆಂಡತಿಯನ್ನು ಬಿಟ್ಟುಹೋದ ಗಂಡ ಕೊನೆಗೆ ತಿರುಗಿ ಬರುತ್ತಾನೆ, ಅವಳು ಅಳುತ್ತ ಅವನ ಕಾಲಿಗೆ ಬೀಳುತ್ತಾಳೆ. ಚಹಾ ತಂದ ವೈನಿ ಅಲ್ಲೇ ನಿಂತು ಕೇಳಿದಳು: “ಬಿಟ್ಟು ಹೋದಾಂವ ಅಂವ. ಕಾಲ ಈಕಿ ಯಾಕ ಬೀಳಬೇಕ್ರಿ, ಕಾಕಾರ?” ಅಣ್ಣನೂ ಹಾಗೇ ಹೋದವನಲ್ಲವೇ? ಅಪ್ಪ ಹಾಸಿಗೆ ಹಿಡಿದ ವರ್ಷವೇ, ಈ ರೋಗದ ಮನೆ ತನಗೆ ಒಗ್ಗುವುದಿಲ್ಲವೆಂದು ಕೈಹಿಡಿದ ವೈನಿಯನ್ನು ಇಲ್ಲೇ ಬಿಟ್ಟು ಹುಕ್ಕೇರಿಯಲ್ಲಿ ಬೇರೆ ಇದ್ದುಬಿಟ್ಟ. ಅಪ್ಪನ ಬಾಯಿಗೆ ಕೊನೆಯವರೆಗೂ ಗಂಜಿ ಹಾಕಿದವಳು ವೈನಿ. ನೀನು ನಕ್ಕು ಆ ಪ್ರವೇಶದ ಹಾಳೆ ಹರಿದೆ. ನಾಳೆ ಬೇರೆ ಬರೆಯುತ್ತೇನೆ ಎಂದೆ. ಆ ನಾಳೆ ನೀನು...

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ನಮ್ಮ ಕೌಜಲಗಿಯ ಹಿರಿಯರು, ಹುಡುಗ ಬಿ.ಎ. ಕಲಿತಿದ್ದಾನೆ, ಕೊನೆಯ ಪ್ರವೇಶ ಅವನೇ ಬರೆಯಲಿ ಎಂದರು. ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದವನು ನಾನು. ತಿರುಗಿ ಬಂದವನು ಒಳ್ಳೆಯವನಾದ ಎಂದು ಬರೆಯಲೇ? ಆದದ್ದನ್ನು ಕಂಡವರು ಯಾರು? ಅವಳು ಹೊರಗೆ ಹಾಕಿದಳು ಎಂದರೆ, ಮಂದಿ ಎದೆ ಭಾರ ಮಾಡಿಕೊಂಡು ಮನೆಗೆ ಹೋಗಬಾರದು ಅನ್ನುತ್ತಿದ್ದವನು ನೀನು. ಅಷ್ಟರಲ್ಲಿ ಅಣ್ಣ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ನಾಟಕಕ್ಕೆ ಬರುತ್ತೇನೆ, ಇನ್ನು ಮನೆಯಲ್ಲೇ ಇರುತ್ತೇನೆ ಎಂದ. ಅವ್ವ ಹಿಗ್ಗಿದಳು. ವೈನಿಯನ್ನು ಯಾರೂ ಕೇಳಲಿಲ್ಲ.

ಅವಳು ರೊಟ್ಟಿ ಬಡಿಯುತ್ತಿದ್ದಾಗ ನಾನೇ ಹೋಗಿ ಕೇಳಿದೆ, ನಾಟಕದ ನೆಪ ಮಾಡಿ: ತಿರುಗಿ ಬಂದ ಗಂಡನಿಗೆ ಹೆಂಡತಿ ಏನು ಮಾಡಬೇಕು? ನೀರು, ಬೆಲ್ಲ ಕೊಡಲಿ ಎಂದಳು. ಅದು ಬೀಗರಿಗೆ, ಪರವೂರಿನಿಂದ ಬಂದವರಿಗೆ ಕೊಡುವುದು. ಗಂಡನಿಗೆ ಯಾರು ಕೊಡುತ್ತಾರೆ ಎಂದೆ.

“ಹೌದಲ್ಲ,” ಎಂದಳು, “ಮನಿಯಾಂವ ಆಗಾಕ ಟೈಮ್ ಹಿಡಿತೈತಿ.”

ಹಾಗೆಯೇ ಬರೆದೆ.

ನಾಟಕ ನಡೆದಾಗ ನಾನು ಪರದೆಯ ಹಿಂದೆ ಕೂತು ಮಾತು ಹೇಳಿಕೊಡುತ್ತಿದ್ದೆ. ಗೋಕಾಕದಿಂದ ಕರೆಸಿದ ನಟಿ ಒಂದು ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಗಂಡನ ಮುಂದಿಟ್ಟು, “ಯಾವೂರಿಂದ ಬಂದ್ರಿ?” ಎಂದಳು. ಗಂಡಸರಲ್ಲಿ ಯಾರೋ ನಕ್ಕರು. ಹೆಂಗಸರ ಕಡೆ ಒಬ್ಬರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಅಣ್ಣ ತಲೆ ಎತ್ತಲಿಲ್ಲ.

ಮರುದಿನ ಅವನು ಚೀಲ ಹಿಡಿದು ಮನೆಗೆ ಬಂದ. ವೈನಿ ಕಟ್ಟೆಯ ಮೇಲೆ ನೀರು, ಬೆಲ್ಲ ಇಟ್ಟಳು. ನೀರು ಕುಡಿದ, ಬೆಲ್ಲ ಮುಟ್ಟಲಿಲ್ಲ, ಹುಕ್ಕೇರಿಯ ಬಸ್ಸು ಹಿಡಿದ. ಇನ್ನು ಬರುವುದಿಲ್ಲವೆಂದು ಅವ್ವ ಅತ್ತಳು. ಬಂದ, ಕಾಕಾ. ಈಗ ಸಂತೆಯ ದಿನ ತಪ್ಪದೆ ಬರುತ್ತಾನೆ. ಪ್ರತಿ ಸಲವೂ ಅದೇ ತಂಬಿಗೆ, ಅದೇ ಬೆಲ್ಲ. ನಿನ್ನ ನಾಟಕದವನಾಗಿದ್ದರೆ ಇಷ್ಟು ಹೊತ್ತಿಗೆ ಕ್ಷಮೆ ಸಿಕ್ಕು ಪರದೆ ಬೀಳುತ್ತಿತ್ತು.

ಮೊನ್ನೆ ಅಣ್ಣ ಬೆಲ್ಲದ ತಟ್ಟೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಯ ಹೊಸ್ತಿಲ ತನಕ ಒಯ್ದು, “ರೊಟ್ಟಿ ಆಗ್ಯಾವೇನ?” ಎಂದು ಕೇಳಿದ.

“ಇನ್ನೂ ಒಲಿ ಮ್ಯಾಲ ಹಂಚ ಇಟ್ಟಿಲ್ಲ,” ಎಂದಳು ವೈನಿ.

ತಟ್ಟೆಯನ್ನು ಮಾತ್ರ ಅವನ ಕೈಯಿಂದ ಇಸಿದುಕೊಂಡಳು.