ನಿಮ್ಮ ಬಾಯಿಯ ಮೇಲಿಟ್ಟ ಕೈ

ಗೌರವಾನ್ವಿತ ಗೆರ್ಮನ್ ಪಾವ್ಲೋವಿಚ್ ಅವರಿಗೆ,

ನಿಮ್ಮ ಪತ್ರ ಬಂದು ಹದಿನೇಳು ದಿನವಾಯಿತು. ಎಡಗೈಯಲ್ಲಿ ಬರೆದ ಆ ಸೊಟ್ಟ ಅಕ್ಷರಗಳ ಕೆಳಗೆ ನಿಮ್ಮ ಹೆಂಡತಿ ರಿಮ್ಮಾ ಅವರು ಒಂದು ಸಾಲು ಸೇರಿಸಿದ್ದಾರೆ: “ಇವರ ಜೀವ ಉಳಿಸಿದವಳು ನೀನು, ನಮ್ಮ ಪಾಲಿಗೆ ಮಗಳೇ.” ಅದನ್ನು ಓದಿ ಕಾಗದವನ್ನು ಮಡಿಸಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ. ದಿನವೂ ಹಿಟ್ಟು ತೆಗೆಯುವಾಗ ಅತ್ತ ನೋಡದೆ ಕೈ ಹಾಕುತ್ತೇನೆ.

ನೀವು ಕೇಳಿದ್ದು ಒಂದೇ ಮಾತು. ಬಂಡೆಯ ಅಂಚಿನಲ್ಲಿ ಮಲಗಿದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಚಾವಣಿ ನೆನಪಿದೆ, ನಡುವೆ ಏನಾಯಿತು ಎಂದು. ಜೊತೆಗೆ ಬಂದಿದ್ದ ಮೂವರು ನಿಮಗೆ ಸ್ವಲ್ಪ ಹೇಳಿರಬಹುದು. ಅವರಿಗೆ ಗೊತ್ತಿಲ್ಲದ್ದೂ ಇದೆ. ಅಂದು ವೈರ್‌ಲೆಸ್ಸಿನಲ್ಲಿ ನಾವು ನಮ್ಮ ಚುಕ್ಚಿ ಭಾಷೆಯಲ್ಲಿ ಮಾತಾಡಿದೆವು.

ಕಳೆದ ವರ್ಷ ನೀವು ನಮ್ಮ ಊರಿಗೆ ಬಂದ ಮೊದಲ ಸಂಜೆಯಿಂದ ಶುರು ಮಾಡುತ್ತೇನೆ, ತಪ್ಪು ಶುರುವಾದದ್ದು ಅಲ್ಲೇ. ನಮ್ಮ ಮನೆಯ ಮೇಜಿನ ಮುಂದೆ ಕೂತು ನೀವು ಜಿಂಕೆ ಮಾಂಸದ ಸಾರು ಕುಡಿದಿರಿ. ಆಮೇಲೆ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ಎರಡು ಮಾತ್ರೆ ನುಂಗಿದಿರಿ. ನಾನು ನೋಡಿದ್ದನ್ನು ಕಂಡು, “ಬಿಪಿ ಕಣಮ್ಮ. ನಲವತ್ತು ವರ್ಷ ಮಕ್ಕಳಿಗೆ ಭೂಗೋಳ ಹೇಳ್ಕೊಟ್ರೆ ಬರೋ ಬಹುಮಾನ” ಎಂದು ನಕ್ಕಿರಿ. ನಾನೂ ನಕ್ಕೆ. ಆಮೇಲೆ ಊರಿನ ನಿಯಮಗಳನ್ನೆಲ್ಲ ಓದಿ ಹೇಳಿದೆ. ಕೋರೆಹಲ್ಲಿನ ವಾಲ್ರಸ್‌ಗಳು ಕಡಲಿನಿಂದೆದ್ದು ದಡದಲ್ಲಿ ಮಲಗಿರುವಷ್ಟು ದಿನ ನಾಯಿಗಳನ್ನು ಕಟ್ಟಿಹಾಕಬೇಕು, ದೋಣಿಯ ಇಂಜಿನ್ ಶುರು ಮಾಡಬಾರದು, ಒಲೆಯ ಹೊಗೆ ದಡದ ಕಡೆ ಹೋಗಬಾರದು, ಬಂಡೆಯ ಮೇಲೆ ಒಮ್ಮೆಗೆ ಹೊರಗಿನವರು ನಾಲ್ಕೇ ಜನ, ತೆವಳಿಕೊಂಡೇ ಹೋಗಬೇಕು. ಎಲ್ಲ ಹೇಳಿದೆ. ಒಂದನ್ನು ಹೇಳಲಿಲ್ಲ. ಯಾರದಾದರೂ ಜೀವಕ್ಕೆ ಅಪಾಯ ಬಂದರೂ ಆ ದಿನಗಳಲ್ಲಿ ಹೆಲಿಕಾಪ್ಟರ್ ವಾಲ್ರಸ್‌ಗಳು ಮಲಗುವ ಭೂಶಿರದ ಹತ್ತಿರ ಬರುವಂತಿಲ್ಲ, ಗುಡ್ಡದಾಚೆ ಹೊಳೆ ಕಡಲು ಸೇರುವ ಬಾಯಿಯಲ್ಲೇ ಇಳಿಯಬೇಕು, ಅಲ್ಲಿಗೆ ಏಳು ಕಿಲೋಮೀಟರ್. ಮಾತ್ರೆ ನುಂಗುವ ಮನುಷ್ಯನ ಮುಂದೆ ಅದನ್ನು ಹೇಳಿದರೆ ಇವರೆಂಥ ಕಲ್ಲುಹೃದಯದ ಜನ ಎಂದುಕೊಳ್ಳುತ್ತೀರೆಂದು ಹೆದರಿದೆ. ಹೆದರಿ ಸುಮ್ಮನಾದೆ.

ಆ ನಿಯಮ ಯಾಕೆ ಬಂತೆಂದೂ ನಿಮಗೆ ಹೇಳಿರಲಿಲ್ಲ. ಆರು ವರ್ಷದ ಹಿಂದೆ ಯಾರೋ ಫೋಟೊ ತೆಗೆಯಲೆಂದು ಪುಟ್ಟ ವಿಮಾನವನ್ನು ತೀರ ತಗ್ಗಿನಲ್ಲಿ ಹಾರಿಸಿದರು. ದಡದ ತುಂಬ ಒತ್ತಿಕೊಂಡು ಮಲಗಿದ್ದ ಪ್ರಾಣಿಗಳು ಬೆದರಿ ಒಮ್ಮೆಲೇ ನೀರಿಗೆ ನುಗ್ಗಿದವು. ಮರಿಗಳು ತಾಯಂದಿರ ಮೈಯಡಿಯೇ ಅಪ್ಪಚ್ಚಿಯಾದವು. ಲೆಕ್ಕ ಮಾಡಲು ಹೋದವರು ನಾನೂರಕ್ಕೆ ನಿಲ್ಲಿಸಿ ವಾಪಸು ಬಂದರು. ಆ ಹೆಣಗಳ ವಾಸನೆಗೆ ಹಿಮಕರಡಿಗಳು ಬಂದವು. ತಿಂದು ಮುಗಿದ ಮೇಲೂ ಹೋಗಲಿಲ್ಲ, ಊರೊಳಗೆ ಬಂದವು. ನನ್ನ ತಮ್ಮನ ಹೆಂಡತಿ ಎತಿನೆ ಹಾಡುಹಗಲಲ್ಲಿ ಹಳ್ಳಕ್ಕೆ ನೀರಿಗೆ ಹೋದಳು. ನಮಗೆ ಸಿಕ್ಕಿದ್ದು ಬಕೆಟ್ಟು ಮತ್ತು ಒಂದು ಬೂಟು. ಆ ಚಳಿಗಾಲದಲ್ಲೇ ಊರಿನವರು ಸೇರಿ ಆ ನಿಯಮ ಮಾಡಿ ನನ್ನನ್ನು ದಡದ ಕಾವಲಿಗೆ ನೇಮಿಸಿದರು.

ಈಗ ಆ ದಿನಕ್ಕೆ ಬರುತ್ತೇನೆ. ನೀವು, ನಿಮ್ಮ ಜೊತೆಯ ಮೂವರು, ನಾನು, ನನ್ನ ಸೋದರಮಾವ ಗಿರ್ಗೋಲ್. ಗಾಳಿ ಕಡಲಿನಿಂದ ನಮ್ಮ ಮುಖಕ್ಕೆ ಬೀಸುತ್ತಿತ್ತು. ಅಂಚಿಗೆ ತೆವಳಿ ಕೆಳಗೆ ದಡ ತುಂಬಿ ಮಲಗಿದ್ದ ಪ್ರಾಣಿಗಳನ್ನು ನೋಡಿದಾಗ ನೀವು ಅತ್ತಿರಿ. ಬಂದವರಲ್ಲಿ ಬಹಳ ಜನ ಅಳುತ್ತಾರೆ, ಅದಕ್ಕೇ ನಾನು ಗಮನ ಕೊಡಲಿಲ್ಲ. ಆಮೇಲೆ ನಿಮ್ಮ ಗಂಟಲಿನಿಂದ ಒಂದು ಸದ್ದು ಬಂತು, ಕರುವಿನ ಕೂಗಿನ ಹಾಗೆ. ಕೆಳಗೆ ಹತ್ತಿಪ್ಪತ್ತು ತಲೆಗಳು ಮೇಲೆದ್ದವು.

ಗೆರ್ಮನ್ ಪಾವ್ಲೋವಿಚ್, ನಾನು ಮೊದಲು ಮಾಡಿದ್ದು ನಿಮ್ಮ ಬಾಯಿ ಮುಚ್ಚಿದ್ದು. ನಿಮ್ಮ ಮುಖ ನೋಡಿದ್ದು ಆಮೇಲೆ. ಕೈಗವಸಿನ ಕೈಯಿಂದ ಒತ್ತಿ ಹಿಡಿದೆ. ನೀವು ಕೊಸರಾಡಿದಿರಿ, ನಾನು ಇನ್ನೂ ಒತ್ತಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ನನ್ನ ಕಣ್ಣೆಲ್ಲ ಕೆಳಗಿನ ತಲೆಗಳ ಮೇಲಿತ್ತು. ಅವು ಒಂದೊಂದಾಗಿ ಮತ್ತೆ ಮಲಗಿದ ಮೇಲೆ ನಿಮ್ಮ ಕಡೆ ತಿರುಗಿದೆ. ಒಂದು ಕಡೆಯ ತುಟಿ ಜೋತುಬಿದ್ದಿತ್ತು. ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.

ಎಳೆದು ಹಿಂದಕ್ಕೆ ತಂದು ವೈರ್‌ಲೆಸ್ಸಿನಲ್ಲಿ ತಮಾರಾಳನ್ನು ಕರೆದೆ. ಊರಿನ ಚಿಕಿತ್ಸಾಲಯ ನೋಡಿಕೊಳ್ಳುವವಳು ಅವಳು, ನನ್ನ ಜೊತೆ ಓದಿದವಳು. ಅವಳು ಜಿಲ್ಲಾ ಕೇಂದ್ರಕ್ಕೆ ಮಾತಾಡಿ ಮತ್ತೆ ನನ್ನನ್ನು ಕರೆದಳು.

“ಪೈಲಟ್ ಹೊರಡ್ತಿದಾನೆ. ಬಂಡೆ ಮೇಲಿನ ನಿಮ್ಮ ಕಾವಲು ಗುಡಿಸಲ ಹತ್ರಾನೇ ಇಳಿಸ್ಲಾ ಅಂತಾನೆ. ಹಂಗಾದ್ರೆ ಒಂದು ಗಂಟೇಲಿ ಎತ್ಕೊಂಡು ಹೋಗ್ಬೋದು. ಹೊಳೆ ಬಾಯಿಗಾದ್ರೆ ನೀವು ಹೊತ್ಕೊಂಡ್ ಬರೋ ಅಷ್ಟು ಹೊತ್ತು. ಕಾವಲಿನವಳು ನೀನು, ನೀನೇ ಹೇಳ್ಬೇಕಂತೆ.”

“ಹೊಳೆ ಬಾಯಿಗೆ” ಅಂದೆ.

“ವಿಕ್ವಿನೆ, ಇದು ಲಕ್ವ ಕಣೇ. ಹೊತ್ತು ಹೋದಷ್ಟೂ ಕೈ ಹೋಗತ್ತೆ, ಮಾತು ಹೋಗತ್ತೆ, ಜೀವಾನೂ ಹೋಗ್ಬೋದು. ತಿಳ್ಕೊಂಡು ಹೇಳ್ತಿದೀಯಾ?”

“ತಿಳ್ಕೊಂಡೇ ಹೇಳ್ತಿದೀನಿ.”

ಗಿರ್ಗೋಲ್ ಮಾವನ ಮುಖ ನೋಡಿದೆ. “ನನ್ನ ನೋಡ್ಬೇಡ ಮಗಾ. ಯಾವ್ದು ಹೇಳಿದ್ರೂ ಇನ್ಮೇಲೆ ನಿಂಗೆ ನಿದ್ದೆ ಇಲ್ಲ. ಎತ್ತು, ಹೊರಡೋಣ” ಅಂದ.

ನಿಮ್ಮ ಜೊತೆಯ ವದೀಮ್ “ಹೆಲಿಕಾಪ್ಟರ್ ಎಲ್ಲಿಗೆ ಬರತ್ತೆ?” ಎಂದು ರಷ್ಯನ್ನಿನಲ್ಲಿ ಕೇಳಿದ. “ಹೊಳೆ ಹತ್ರಾನೇ ಇಳಿಯೋಕಾಗೋದು” ಎಂದೆ. ಅದು ಸುಳ್ಳು.

ಟಾರ್ಪಾಲಿನ ನಾಲ್ಕು ಮೂಲೆ ಹಿಡಿದು ಹೊತ್ತೆವು. ಹೆಜ್ಜೆ ಇಟ್ಟಲ್ಲೆಲ್ಲ ಪಾಚಿಯ ನೆಲ ಮೊಣಕಾಲವರೆಗೆ ನುಂಗುತ್ತಿತ್ತು. ನಿಮ್ಮ ಉಸಿರು ನಿಂತಿತೆನ್ನಿಸಿ ಎಷ್ಟು ಸಲ ಬಗ್ಗಿ ಕಿವಿಯಿಟ್ಟೆನೋ. ಅರ್ಧ ದಾರಿಯಲ್ಲಿ ಕಾಲುದಾರಿಯ ಮೇಲೇ ಹಿಮಕರಡಿ ಕೂತಿತ್ತು. ಪಕ್ಕದಲ್ಲಿ ಎರಡು ಮರಿ. ನಾವು ನಿಮ್ಮನ್ನು ಇಳಿಸಿ ಮಗ್ಗುಲಲ್ಲೇ ಕುಕ್ಕರಿಸಿದೆವು. ವದೀಮ್ ನನ್ನ ಬಂದೂಕಿನ ಕಡೆ ನೋಡಿ ಪಿಸುಗುಟ್ಟಿದ: “ಹೊಡೀರಿ.” ಹೊಡೆದರೆ ಸದ್ದು ದಡ ಮುಟ್ಟುತ್ತಿತ್ತು. ಹೊಡೆಯದಿದ್ದರೆ ಏನಾಗಬಹುದೆಂದು ಎತಿನೆಯ ಬೂಟು ನೋಡಿದವಳಿಗೆ ಹೇಳಬೇಕಾಗಿಲ್ಲ. ಗುಂಡು ತುಂಬಿ ಗುರಿ ಹಿಡಿದೆ.

ಮಾವ ತನ್ನ ಉದ್ದನೆಯ ಕೋಲು ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋದ. ನೆರೆಮನೆಯವಳ ಜೊತೆ ಮಾತಾಡುವ ದನಿಯಲ್ಲಿ ಹೇಳಿದ: “ಏನಮ್ಮಾ, ಇಲ್ಲೇ ಸಂಸಾರ ಹೂಡ್ಬಿಟ್ಯಾ? ಹೊಟ್ಟೆ ತುಂಬಿದ ಹಾಗೇ ಇದೆಯಲ್ಲ. ನಮ್ಮ ಹತ್ರ ಇರೋದು ಒಬ್ಬ ಮೇಷ್ಟ್ರು, ಬರೀ ಮೂಳೆ. ನಾನೋ, ಬರೀ ಹೊಗೆಸೊಪ್ಪು. ನಿನ್ನ ಮಕ್ಕಳಿಗೆ ಹೊಟ್ಟೆನೋವು ಬರತ್ತೆ. ದಾರಿ ಬಿಡು ತಾಯಿ.” ಕರಡಿ ಎದ್ದು ನಿಂತು ಮೂಗೆತ್ತಿ ಮೂಸಿತು. ಮತ್ತೆ ಕೂತಿತು. ಮುಕ್ಕಾಲು ಗಂಟೆ ಹಾಗೇ ಕೂತಿತ್ತು. ಮಾವ ಮುಕ್ಕಾಲು ಗಂಟೆಯೂ ಮಾತಾಡಿದ. ಅಷ್ಟೂ ಹೊತ್ತು ನೀವು ನನ್ನ ಜಡೆಯ ತುದಿಯನ್ನು ಎಡಗೈಯಲ್ಲಿ ಸುತ್ತಿ ಹಿಡಿದಿದ್ದಿರಿ, ನೆತ್ತಿ ಉರಿಯುವಷ್ಟು ಬಿಗಿಯಾಗಿ. ನಿಮ್ಮ ಬಾಯಿ ಏನೋ ಹೇಳಲು ಅಲುಗಾಡುತ್ತಿತ್ತು. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಲು ಭಯವಾಯಿತು. ಕೊನೆಗೆ ಕರಡಿ ಮರಿಗಳನ್ನು ಕರೆದುಕೊಂಡು ಕಡಲಿನ ಕಡೆ ಹೋಯಿತು.

ಹೊಳೆ ಮುಟ್ಟಿದಾಗ ಹೊರಟು ನಾಲ್ಕು ಗಂಟೆ ಕಳೆದಿತ್ತು. ಹೆಲಿಕಾಪ್ಟರ್ ಕಾಯುತ್ತಾ ನಿಂತಿತ್ತು. ವಾರದ ಮೇಲೆ ತಮಾರಾ ಬಂದು ಬಾಗಿಲಲ್ಲೇ ನಿಂತು ಹೇಳಿದಳು: “ಬದುಕ್ಕೊಂಡ್ರು. ಆದ್ರೆ ಎರಡು ಗಂಟೆ ಮೊದ್ಲು ಬಂದಿದ್ರೆ ಮಾತು ಉಳೀತಿತ್ತೇನೋ ಅಂದ್ರಂತೆ ಡಾಕ್ಟ್ರು. ಇದನ್ನ ನಿಂಗೆ ಹೇಳ್ಬಾರ್ದು ಅಂದ್ಕೊಂಡಿದ್ದೆ, ಹೇಳ್ದೆ ಇರೋಕೂ ಆಗ್ಲಿಲ್ಲ.”

ಆ ದಿನ ದಡದಲ್ಲಿ ಒಂದು ಮರಿಯೂ ಸಾಯಲಿಲ್ಲ. ಆ ವರ್ಷ ಕರಡಿ ಊರಿಗೆ ಬರಲಿಲ್ಲ, ನಮ್ಮ ಮಕ್ಕಳು ನಡೆದೇ ಶಾಲೆಗೆ ಹೋದರು. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ. ನಿಮ್ಮ ಮಾತನ್ನು ನಾನು ಯಾವುದಕ್ಕೆ ಕೊಟ್ಟೆನೆಂದು ನಿಮಗೆ ಗೊತ್ತಿರಬೇಕು. ನಾಳೆ ಮತ್ತೆ ಯಾರೋ ಹಾಗೆ ಬಿದ್ದು, ತಮಾರಾ ಮತ್ತೆ ಕೇಳಿದರೆ, ನಾನು ಮತ್ತೆ ಹೊಳೆ ಬಾಯಿಗೆ ಎಂದೇ ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಇದೇ. ಕರಡಿಯೂ ಅಷ್ಟು ಹೆದರಿಸಲಿಲ್ಲ.

ಆದರೆ ಹಾಗೆ ಹೇಳುವ ಹಕ್ಕು ಮೊದಲೇ ತಿಳಿಸಿದವಳಿಗಷ್ಟೇ ಇರುತ್ತದೆ. ನಾನು ತಿಳಿಸಿರಲಿಲ್ಲ. ನೀವು ನಮ್ಮ ಪ್ರಾಣಿಗಳಿಗಾಗಿ ತೆವಳಿದಿರಿ, ಉಸಿರು ಬಿಗಿಹಿಡಿದಿರಿ, ನಾವು ಹೇಳಿದ್ದನ್ನೆಲ್ಲ ಪಾಲಿಸಿದಿರಿ. ನಾನು ಮಾತ್ರ ನಿಮ್ಮಿಂದ ಒಂದು ಮಾತು ಮುಚ್ಚಿಟ್ಟೆ. ಕಳೆದ ತಿಂಗಳು ಊರಿನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಈಗ ಬರುವವರಿಗೆ ಅವರು ತಮ್ಮ ಊರಿನಿಂದ ಹೊರಡುವ ಮೊದಲೇ ಹೊಳೆಯ ವಿಷಯ ಬರೆದು ಕಳಿಸುತ್ತೇವೆ. ಓದಿ ನಾಲ್ಕು ಜನ ಬರುವುದಿಲ್ಲವೆಂದರು. ಐದು ಜನ ಬರುತ್ತೇವೆಂದರು.

ನಮ್ಮ ಊರನ್ನು ಹೊಗಳಿ ಗೆಳೆಯರನ್ನೆಲ್ಲ ಕಳಿಸುತ್ತೇನೆಂದು ಬರೆದಿದ್ದೀರಿ. ಕಳಿಸುವ ಮುಂಚೆ ಈ ಪತ್ರವನ್ನು ಅವರಿಗೆ ಓದಲು ಕೊಡಿ. ರಿಮ್ಮಾ ಅವರಿಗೆ ನೀವೇ ತೋರಿಸಿ, ಬೇರೆಯವರಿಂದ ತಿಳಿಯುವುದು ಬೇಡ. ಉತ್ತರ ಬರೆಯಲೇಬೇಕೆಂದಿಲ್ಲ. ಬರೆಯುವುದಾದರೆ ದಯವಿಟ್ಟು ಬೈದು ಬರೆಯಿರಿ, ಮರ್ಯಾದೆಯ ಮಾತು ಬೇಡ.

ನಿಮಗೂ ರಿಮ್ಮಾ ಅವರಿಗೂ ಈ ಚಳಿಗಾಲ ಕಷ್ಟವಿಲ್ಲದೆ ಕಳೆಯಲಿ. ಮಾತು, ಒಂದೊಂದೇ ಆದರೂ, ನಿಮ್ಮ ನಾಲಿಗೆಗೆ ಮರಳಿ ಬರಲಿ. ಮೊದಲನೆಯದು ನನ್ನ ಮೇಲಿನ ಸಿಟ್ಟಿನದಾದರೂ ಸರಿಯೇ.

ನಿಮ್ಮ ಕ್ಷಮೆ ಕೇಳಲು ಇನ್ನೂ ಧೈರ್ಯ ಬಾರದ,
ವಿಕ್ವಿನೆ